ಎದ್ದೇಳಕ್ಕ ಕಟ್ಟಿದ ಕುರ್ಚಿ

ಕುರ್ಚಿ ಕೊಳ್ಳಲು ಹೋದವರು ಏನು ಮಾಡುತ್ತಾರೆ? ಕೂತು ನೋಡುತ್ತಾರೆ. ಬೆನ್ನು ಆನಿಸಿ, ಎರಡು ಸಲ ಕುಕ್ಕಿ, ಬಟ್ಟೆಯ ಮೇಲೆ ಕೈಯಾಡಿಸಿ, "ಪರವಾಗಿಲ್ಲ, ಮೆತ್ತಗಿದೆ" ಎಂದು ಮನೆಗೆ ಹೊರಿಸಿಕೊಂಡು ಬರುತ್ತಾರೆ. ಆಮೇಲೆ ಹತ್ತು ವರ್ಷ ಸೊಂಟ ಹಿಡಿದುಕೊಂಡು ಓಡಾಡುತ್ತಾರೆ. ಇದು ಶುದ್ಧ ದಡ್ಡತನ ಎಂದು ಗಿರಾಕಿಯ ಮುಖದ ಮೇಲೆ ಹೇಳುವ ಧೈರ್ಯ ಆ ಪೇಟೆಯಲ್ಲಿ ಇದ್ದದ್ದು ಒಬ್ಬಳಿಗೆ ಮಾತ್ರ.

"ಕೂರೋದು ಯಾರಿಗೆ ಬರಲ್ಲ? ಜೋರಾಗಿ ಮಳೆ ಬಂದ್ರೆ ಗೋಡೆನೂ ಕೂರುತ್ತೆ. ಎಲ್ಲಿ, ಈಗ ಎದ್ದೇಳಿ ನೋಡೋಣ!"

ಹೀಗೆ ಬಂದವರನ್ನೆಲ್ಲ ಎಬ್ಬಿಸಿ ಎಬ್ಬಿಸಿ ಅವಳಿಗೆ ಎದ್ದೇಳಕ್ಕ ಎಂದೇ ಹೆಸರು ಬಿತ್ತು. ಹುಟ್ಟಿದಾಗ ಇಟ್ಟ ಹೆಸರು ಅವಳ ಗಂಡನಿಗಾದರೂ ನೆನಪಿದೆಯೋ ಇಲ್ಲವೋ. ಹಳೆಯ ಕುರ್ಚಿ, ಸೋಫಾಗಳ ಹೊಟ್ಟೆ ಬಗೆದು, ಸತ್ತ ಸ್ಪ್ರಿಂಗು ಕಿತ್ತು, ಪಟ್ಟಿ ಬಿಗಿದು, ಸ್ಪಂಜು ತುಂಬಿ, ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆಯುವುದು ಅವಳ ಕಸುಬು. ಬಾಯಿಯ ಒಂದು ಮೂಲೆಯಲ್ಲಿ ಹತ್ತು ಸಣ್ಣ ಮೊಳೆ ಕಚ್ಚಿಕೊಂಡು ಇನ್ನೊಂದು ಮೂಲೆಯಿಂದ ಗಿರಾಕಿಗೆ ಬೈಯುವುದನ್ನು ಅವಳಿಂದಲೇ ಕಲಿಯಬೇಕು. ಇಷ್ಟು ವರ್ಷದಲ್ಲಿ ಒಂದು ಮೊಳೆಯನ್ನೂ ನುಂಗಿದವಳಲ್ಲ, ಒಂದು ಮಾತನ್ನೂ ನುಂಗಿದವಳಲ್ಲ.

ಅವಳ ಪರೀಕ್ಷೆಗೆ ಅಳತೆಪಟ್ಟಿ ಬೇಡ, ಕಿವಿ ಸಾಕು. ಏಳುವಾಗ ಬಾಯಿಂದ "ಅಮ್ಮಾ" ಎಂದು ಬಂದರೆ ಕುರ್ಚಿ ತಗ್ಗಾಯಿತು. "ಉಶ್" ಎಂದು ಬಂದರೆ ಆಳವಾಯಿತು. ಏನೂ ಸದ್ದಿಲ್ಲದೆ ಎದ್ದು ನಿಂತರೆ ಕುರ್ಚಿ ಸರಿಯಾಗಿದೆ ಎಂದು ಅರ್ಥ. ಅಷ್ಟೇ ಅವಳ ಶಾಸ್ತ್ರ. ಇದನ್ನು ಅವಳು ಕಲಿತದ್ದು ಸಿನಿಮಾ ಟಾಕೀಸಿನಲ್ಲಿ. ಅಪ್ಪ ಅಲ್ಲಿ ಹರಿದ ಸೀಟು ಹೊಲಿಯುವ ಕೆಲಸಕ್ಕಿದ್ದ. ಬೆಳಗಿನ ಹೊತ್ತು ಖಾಲಿ ಟಾಕೀಸಿನಲ್ಲಿ ಅವನ ಹಿಂದೆ ದಬ್ಬಳ, ದಾರ ಹಿಡಿದುಕೊಂಡು ಸಾಲು ಸಾಲು ತಿರುಗಿದವಳು ಅವಳು. ಸೀಟಿನ ಸಂದಿಯಲ್ಲಿ ಸಿಕ್ಕ ಬಾಚಣಿಗೆ, ಗುಂಡಿ, ಒಂಟಿ ಓಲೆ ಅವಳ ಆಟದ ಸಾಮಾನು. ಪಿಚ್ಚರ್ ಚೆನ್ನಾಗಿತ್ತೋ ಇಲ್ಲವೋ ಎಂದು ಪರದೆ ನೋಡದೆಯೇ ಹೇಳುತ್ತಿದ್ದಳಂತೆ. ಒಳ್ಳೆಯ ಪಿಚ್ಚರ್ ಓಡಿದ ವಾರ ಸೀಟಿನ ಮುಂದಿನ ಅಂಚು ಸವೆದಿರುತ್ತಿತ್ತು, ಕೆಟ್ಟದ್ದು ಓಡಿದ ವಾರ ಬೆನ್ನು ಆನಿಸುವ ಕಡೆ. ಜನರ ಬಾಯಿಗಿಂತ ಅವರ ಕೂರುವ ಜಾಗವೇ ಹೆಚ್ಚು ಸತ್ಯ ಹೇಳುತ್ತದೆ ಎಂದು ಅವಳಿಗೆ ಅಂದೇ ಗೊತ್ತಾಗಿಹೋಯಿತು.

ಹಾಗೆಂದು ಅವಳ ಮನೆಯಲ್ಲಿ ಏನೋ ಸಿಂಹಾಸನಗಳಿವೆ ಎಂದುಕೊಳ್ಳಬೇಡಿ. ದೀಪದ ಬುಡ ಕತ್ತಲೆ. ಗಂಡ ಊಟಕ್ಕೆ ಕೂರುವ ಸ್ಟೂಲಿನ ಒಂದು ಕಾಲಿಗೆ ಹದಿನಾಲ್ಕು ವರ್ಷದಿಂದ ಕಾಗದ ಮಡಚಿ ಇಟ್ಟಿದೆ. "ಊರವರ ಸೊಂಟದ ಮೇಲಿರೋ ಪ್ರೀತಿ ನನ್ನ ಸೊಂಟದ ಮೇಲಿಲ್ಲ" ಎಂದು ಅವನು ಹೇಳುತ್ತಲೇ ಇರುತ್ತಾನೆ. "ಹೊಸ ಕಾಗದ ಇಡ್ತೀನಿ ತಡೀರಿ" ಎಂದು ಅವಳೂ ಹೇಳುತ್ತಲೇ ಇರುತ್ತಾಳೆ.

ಒಂದು ಸಂಜೆ ಅವಳ ಅಂಗಡಿಗೆ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಂದಳು. ನಲವತ್ತರ ಆಸುಪಾಸು. ಕೈಚೀಲದಲ್ಲಿ ಕೂಡ ಪ್ರತಿಯೊಂದಕ್ಕೂ ಒಂದೊಂದು ಖಾನೆ ಇಟ್ಟುಕೊಂಡಿರುವ ಜಾತಿ.

"ಅಕ್ಕ, ಹೊಸ ಸೋಫಾ ತಗೊಂಡಿದ್ದೀನಿ. ಅದಕ್ಕೆ ಇನ್ನೂ ಸ್ವಲ್ಪ ಮೆತ್ತಗಿರೋ ಸ್ಪಂಜು ಹಾಕಿಕೊಡ್ತೀರಾ?"

"ಯಾರು ಕೂರೋಕೆ?"

"ನಮ್ಮಪ್ಪ. ನಮ್ಮ ಮನೆಗೆ ಬಂದು ಒಂದು ತಿಂಗಳಾಯ್ತು. ಕೂರೋದೇ ಇಲ್ಲ."

ಆಮೇಲೆ ಕತೆಯೆಲ್ಲ ಹೊರಬಂತು. ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಇನ್ನು ಮೇಲೆ ಮಗಳ ಜೊತೆ ಇರುವುದೆಂದು ತೀರ್ಮಾನವಾದಾಗ ಇವಳು ಮನೆಯನ್ನೇ ಜಾಲಾಡಿಬಿಟ್ಟಳು. ಮೂರು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ಕಪಾಟಿನಿಂದ ತೆಗೆಯುವುದು ಅವಳ ಗ್ರಂಥಾಲಯದ ನಿಯಮ. ಮನೆಗೂ ಅದೇ ನಿಯಮ ಹಾಕಿದಳು. ಬಾಗಿಲು ಮುಚ್ಚದ ಬೀರು ಹೋಯಿತು. ಒಗೆದ ಬಟ್ಟೆ ಹೇರುವುದಕ್ಕೇ ಇದ್ದ ಮಂಚ ಹೋಯಿತು. ಬೆರಳು ಕಚ್ಚುವ ಎರಡು ಮಡಚು ಕುರ್ಚಿ ಹೋದವು. ಹಳೆಯ ಮರದ ಕೈಕುರ್ಚಿಯೊಂದು ಮಾತ್ರ ಹಿಂದಿನ ಬಾಲ್ಕನಿಯಲ್ಲಿ ಉಳಿಯಿತು, ಗುಜರಿಯವನು "ನಾಳೆ ಬರ್ತೀನಿ" ಎಂದು ಹೋದವನು ಬಂದಿರಲಿಲ್ಲ. ಖಾಲಿಯಾದ ಹಜಾರಕ್ಕೆ ಅಪ್ಪನಿಗೆಂದೇ ತಗ್ಗಾದ, ಅಗಲವಾದ, ಹತ್ತಿಯಂಥ ಸೋಫಾ ಬಂತು. ಅಪ್ಪ ಬಂದರು, "ಚೆನ್ನಾಗಿದೆ ಮಗಳೇ" ಎಂದರು, ಅಂದಿನಿಂದ ನಿಂತೇ ಇದ್ದಾರೆ.

"ಊಟಾನೂ ನಿಂತ್ಕೊಂಡೇ ಮಾಡ್ತಾರೆ ಅಕ್ಕ. ಕಾಲು ಎರಡೂ ಊದಿವೆ. ಡಾಕ್ಟರು ಕಾಲು ಮೇಲಿಟ್ಟು ಕೂತ್ಕೊಳ್ಳಲೇಬೇಕು ಅಂದಿದ್ದಾರೆ. ಇವರು ನೋಡಿದ್ರೆ ತಿಂಗಳ ಕೊನೆಗೆ ಚಿಕ್ಕಪ್ಪನ ಮನೆಗೆ ಹೊರಟೋಗ್ತೀನಿ ಅಂತಾರೆ. ಈ ಮನೇಲಿ ತನಗೆ ಜಾಗ ಇಲ್ವಂತೆ. ಅವರಿಗೋಸ್ಕರ ಅಷ್ಟೆಲ್ಲ ಖಾಲಿ ಮಾಡ್ದೆ, ಇನ್ನೇನು ಜಾಗ ಕೊಡ್ಲಿ ನಾನು?" ಅವಳು ಕೈಚೀಲದ ಖಾನೆಯಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು.

ಎದ್ದೇಳಕ್ಕ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡಳು. "ತಡೀರಮ್ಮ. ನಿಮ್ಮಪ್ಪ ಏನಂದ್ರೋ ಅದನ್ನ ಅದೇ ಮಾತಲ್ಲಿ ಹೇಳಿ. ನಿಮ್ಮ ಕಣ್ಣೀರು ಸೇರಿಸಬೇಡಿ."

"'ನಂಗಿಲ್ಲಿ ಕೂರೋಕೆ ಜಾಗ ಇಲ್ಲ ಮಗಳೇ' ಅಂದ್ರು."

"ಸರಿಯಾಗೇ ಹೇಳಿದ್ದಾರಲ್ಲ! ಕೂರೋಕೆ ಜಾಗ ಇಲ್ಲ ಅಂದ್ರೆ ಕೂರೋಕೆ ಜಾಗ ಇಲ್ಲ. ಇದರಲ್ಲಿ ಒಗಟೇನು ಬಂತು?"

ನೋಡಿ, ಓದಿದವರ ಕಷ್ಟ ಇದೇ. ಒಂದು ಮಾತು ಕಿವಿಗೆ ಬಿದ್ದರೆ ಅದರ ಹಿಂದೆ ಇನ್ನೊಂದು ಮಾತು ಅಡಗಿದೆಯೆಂದು ಹುಡುಕುತ್ತಾ ಹೋಗುತ್ತಾರೆ, ಎದುರಿಗಿದ್ದದ್ದು ಕಾಣುವುದೇ ಇಲ್ಲ. ಮಗಳು ಒಂದು ತಿಂಗಳು ದಿಂಬು ನೆನೆಸಿದ ಮಾತನ್ನು ಎದ್ದೇಳಕ್ಕ ಒಂದು ನಿಮಿಷದಲ್ಲಿ ಬಿಡಿಸಿದಳು.

ಮರುದಿನ ಅವರ ಮನೆಗೆ ಹೋದಾಗ ಆ ಹಿರಿಯರು ಅಡುಗೆಮನೆಯ ಬಾಗಿಲಿಗೆ ಭುಜ ಕೊಟ್ಟು ನಿಂತು ಅಳಿಯನಿಗೆ ಏನೋ ಹೇಳುತ್ತಿದ್ದರು. ಎತ್ತರದ ಆಳು, ಅಗಲ ಅಂಗೈ. ಕೆಳಗಿನ ರಸ್ತೆಯಲ್ಲಿ ಹೋದ ಲಾರಿಯ ಸದ್ದು ಕೇಳಿಯೇ "ಮೂರನೇ ಗೇರಲ್ಲಿ ಹೋಗ್ಬೇಕಾದ ಕಡೆ ನಾಲ್ಕು ಹಾಕಿದ್ದಾನೆ ಪುಣ್ಯಾತ್ಮ" ಎಂದರು. ಅಕ್ಕನಿಗೆ ಮನುಷ್ಯ ಅಲ್ಲೇ ಇಷ್ಟವಾದರು.

"ಯಜಮಾನ್ರೇ, ಈ ಸೋಫಾದಲ್ಲಿ ಒಂದ್ಸಲ ಕೂತ್ಕೊಳ್ಳಿ."

ಅವರು ಸೋಫಾವನ್ನು ಬಾವಿ ನೋಡುವಂತೆ ನೋಡಿದರು. ಬಂದವರ ಮುಂದೆ ಇಲ್ಲವೆನ್ನಲಾರದೆ ಕೂತರು. ಮೊಣಕಾಲು ಗಲ್ಲದ ಹತ್ತಿರ ಬಂತು.

"ಈಗ ಎದ್ದೇಳಿ ನೋಡೋಣ."

ಮೊದಲ ಸಲ "ಅಮ್ಮಾ" ಬಂತು, ಮನುಷ್ಯ ಏಳಲಿಲ್ಲ. ಎರಡನೇ ಸಲ "ಉಶ್" ಬಂತು, ಆಗಲೂ ಏಳಲಿಲ್ಲ. ಮಗಳು ಗಾಬರಿಯಿಂದ ಕೈ ಚಾಚಿದಳು. ಅವರು ಆ ಕೈ ಕಾಣಿಸದವರಂತೆ ಕಿಟಕಿಯ ಕಡೆ ನೋಡಿದರು. ಮೂರನೇ ಸಲಕ್ಕೆ ಪಕ್ಕಕ್ಕೆ ಹೊರಳಿ, ಒಂದು ಮೊಣಕಾಲು ನೆಲಕ್ಕೆ ಊರಿ, ಸೋಫಾದ ಕೈ ಹಿಡಿದು ಎದ್ದು ನಿಂತರು. ಮುಖ ಕೆಂಪಾಗಿತ್ತು, ಏದುಸಿರು ಬರುತ್ತಿತ್ತು.

"ಅಪ್ಪ, ದಿನಾ ಹೀಗೇನಾ?" ಮಗಳು ಕೇಳಿದಳು.

"ದಿನಾ ಎಲ್ಲಿ? ಬಂದ ಎರಡನೇ ದಿನ ನೀವಿಬ್ರೂ ಕೆಲಸಕ್ಕೆ ಹೋದಾಗ ಕೂತಿದ್ದೆ. ಮಧ್ಯಾಹ್ನ ಪೂರ್ತಿ ಅಲ್ಲೇ ಇದ್ದೆ. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಅಷ್ಟು ಪ್ರೀತಿಯಿಂದ ತಂದಿದ್ದೀಯ, ಹೇಗೆ ಹೇಳ್ಲಿ ಮಗಳೇ?"

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎದ್ದೇಳಕ್ಕನಿಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ. ಅದಕ್ಕೇ ಬೈದಳು. "ಸಾಕು, ಅಳೋದು ಆಮೇಲೆ. ಮೊದ್ಲು ಈ ಹತ್ತಿಗುಡ್ಡೆ ಸೋಫಾನ ಯಾರಾದ್ರೂ ಇಪ್ಪತ್ತು ವರ್ಷದವರಿಗೆ ಕೊಟ್ಟುಬಿಡಿ. ಬಿದ್ದು ಏಳೋ ವಯಸ್ಸು ಅವರದ್ದು. ಯಜಮಾನ್ರೇ, ನೀವು ಹೇಳಿ. ಇಡೀ ಜೀವಮಾನದಲ್ಲಿ ನೀವು ಹಾಯಾಗಿ ಕೂತದ್ದು ಎಲ್ಲಿ?"

ಅವರು ಯೋಚಿಸಲೇ ಇಲ್ಲ. "ನನ್ನ ಸೀಟಲ್ಲಿ. ಎಂಟು ಗಂಟೆ ಕೂತ್ರೂ ಪಟ್ ಅಂತ ಇಳೀತಿದ್ದೆ."

ಬೇರೆ ಯಾರಾದರೂ ಆಗಿದ್ದರೆ ಇದನ್ನು ಕೇಳಿ ನಕ್ಕು, ಅಂಗಡಿಯಲ್ಲಿದ್ದ ಇನ್ನೊಂದು ಕುರ್ಚಿ ತೋರಿಸುತ್ತಿದ್ದರು. ಎದ್ದೇಳಕ್ಕ ಮರುದಿನ ಬೆಳಿಗ್ಗೆ ಅಳತೆಪಟ್ಟಿ ಹಿಡಿದುಕೊಂಡು ಬಸ್ ಡಿಪೋಗೆ ಹೋದಳು.

"ಎಲ್ಲಿಗೆ ಹೋಗ್ಬೇಕಮ್ಮ?" ಎಂದ ಕಾವಲುಗಾರ.

"ಎಲ್ಲಿಗೂ ಇಲ್ಲ. ಹತ್ತಿ, ಕೂತು, ಇಳಿದು ಹೋಗ್ತೀನಿ."

"ಅಷ್ಟಕ್ಕೆ ಬಸ್ಸು ಯಾಕೆ?"

"ಅದನ್ನೇ ನೋಡೋಕೆ ಬಂದಿದ್ದೀನಿ."

ಅವನು ಅವಳನ್ನು ಮೆಕ್ಯಾನಿಕ್ಕಿನ ಕಡೆ ಸಾಗಹಾಕಿ ಕೈ ತೊಳೆದುಕೊಂಡ. ಮೆಕ್ಯಾನಿಕ್ಕು ಒಳ್ಳೆಯವನು, ರಿಪೇರಿಗೆ ನಿಂತಿದ್ದ ಒಂದು ಹಳೆಯ ಬಸ್ಸಿನ ಬಾಗಿಲು ತೆಗೆದುಕೊಟ್ಟ. ಅಕ್ಕ ಚಾಲಕನ ಸೀಟಿಗೇರಿ ಕೂತಳು. ನೆಲದಿಂದ ಎತ್ತರ ಅಳೆದಳು. ಮುಂದಿನ ಅಂಚು ಎಷ್ಟು ಇಳಿದಿದೆ, ಬೆನ್ನು ಎಷ್ಟು ನೆಟ್ಟಗಿದೆ, ಸೊಂಟದ ಹತ್ತಿರ ಉಬ್ಬು ಎಷ್ಟಿದೆ ಎಂದೆಲ್ಲ ಗುರುತು ಹಾಕಿಕೊಂಡಳು. ಹಿಂದಕ್ಕೆ ಒರಗಿದಾಗ ತಲೆಯ ಹಿಂದೆ ಒಂದು ತಗಡಿನ ಹಲಗೆ ಟಣ್ ಎಂದು ಬಡಿಯಿತು. "ಥೂ, ಇದೊಂದು" ಎಂದು ತಿರುಗಿ ಕೂಡ ನೋಡದೆ ತಲೆಗೂದಲು ಸರಿಮಾಡಿಕೊಂಡು ಮತ್ತೆ ಅಳೆದಳು. ಹತ್ತು ಸಲ ಕೂತು ಹತ್ತು ಸಲ ಎದ್ದಳು. ಮೆಕ್ಯಾನಿಕ್ಕು ಸ್ಪ್ಯಾನರ್ ಹಿಡಿದುಕೊಂಡು ನೋಡುತ್ತಾ ನಿಂತಿದ್ದ.

ಬಾಲ್ಕನಿಯಲ್ಲಿ ಗುಜರಿಯವನಿಗಾಗಿ ಕಾಯುತ್ತಿದ್ದ ಮರದ ಕೈಕುರ್ಚಿಗೆ ಯೋಗ ಬಂತು. ಅಕ್ಕ ಅದನ್ನು ಅಂಗಡಿಗೆ ತರಿಸಿ, ಕಾಲುಗಳಿಗೆ ತುಂಡು ಕೂಡಿಸಿ ಎತ್ತರ ಮಾಡಿದಳು. ಕೆಳಗೆ ಗಟ್ಟಿ ಸ್ಪಂಜು, ಮೇಲೆ ಒಂದು ಪದರ ಮಾತ್ರ ಮೆತ್ತಗಿನದು. ಮುಂದಿನ ಅಂಚನ್ನು ತೊಡೆಗೆ ಒತ್ತದಂತೆ ಇಳಿಸಿದಳು. ಕುರ್ಚಿಯ ಕೈಗಳ ತುದಿಯನ್ನು ಹಿರಿಯರ ಅಗಲ ಅಂಗೈಗೆ ಹಿಡಿತ ಸಿಗುವ ಹಾಗೆ ದುಂಡಗೆ ತೀಡಿಸಿದಳು. ಕಪ್ಪು ರೆಕ್ಸಿನ್ ಹೊದಿಸಿದಳು. ಬಸ್ಸು ಓಡಿಸಿದವರಿಗೆ ಮುಂದೆ ರಸ್ತೆ ಕಾಣಬೇಕೆಂದು ಕುರ್ಚಿಯನ್ನು ಅವರ ಮನೆಯ ಹಜಾರದಲ್ಲಿ ಕಿಟಕಿಗೆ ಎದುರಾಗಿ ಇಡಿಸಿದಳು.

ಹಿರಿಯರು ಕೂತರು. ಎರಡೂ ಕೈ ತಾವಾಗಿಯೇ ಮುಂದಕ್ಕೆ ಚಾಚಿ, ಗಾಳಿಯಲ್ಲಿ ಏನೂ ಸಿಗದೆ ಮೆಲ್ಲಗೆ ಕೆಳಗಿಳಿದವು. "ಎದ್ದೇಳಿ ನೋಡೋಣ" ಎಂದದ್ದಕ್ಕೆ ಎದ್ದು ನಿಂತರು. ಅಮ್ಮಾ ಇಲ್ಲ, ಉಶ್ ಇಲ್ಲ. ಎದ್ದೇಳಕ್ಕ ಗೆದ್ದವಳಂತೆ ಸಾಮಾನು ಚೀಲ ಹೆಗಲಿಗೆ ಹಾಕಿಕೊಂಡಳು. "ಎಂಟು ದಿನ ಬಿಟ್ಟು ಬಂದು ನೋಡ್ತೀನಿ" ಎಂದಳು. ಅದು ಅವಳ ಪದ್ಧತಿ. ಹೊಸ ಕುರ್ಚಿ ಮೊದಲ ದಿನ ಎಲ್ಲರಿಗೂ ಸುಖವೇ, ಎಂಟನೇ ದಿನ ನಿಜ ಹೇಳುತ್ತದೆ ಎನ್ನುತ್ತಾಳೆ.

ಎಂಟನೇ ದಿನ ಬಾಗಿಲು ತೆಗೆದ ಮಗಳ ಮುಖ ನೋಡಿಯೇ ಅಕ್ಕನಿಗೆ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಅಟ್ಟದ ಮೇಲಿದ್ದ ಅಪ್ಪನ ದೊಡ್ಡ ಚೀಲ ಕೆಳಗೆ ಬಂದಿತ್ತು. ಮಡಚಿದ ನಾಲ್ಕು ಅಂಗಿ ಆಗಲೇ ಅದರೊಳಗೆ ಕೂತಿದ್ದವು.

"ಕೂರ್ತಾರೆ ಅಕ್ಕ," ಎಂದು ಮಗಳು ಪಿಸುಗುಟ್ಟಿದಳು. "ಬೆಳಿಗ್ಗೆ ಕೂತ್ರೆ ಸಂಜೆವರೆಗೂ ಕೂರ್ತಾರೆ. ಆದ್ರೆ ಮಾತೇ ಇಲ್ಲ. ಮುಂಚೆ ನಿಂತ್ಕೊಂಡು ನಾಲ್ಕು ಮಾತಾದ್ರೂ ಆಡ್ತಿದ್ರು. ಈಗ ನಮಗೆ ಬೆನ್ನು ಕಾಣುತ್ತೆ, ಅಷ್ಟೇ. ನಮ್ಮ ಮೇಲೆ ಅಷ್ಟು ಬೇಜಾರಿದ್ರೆ ಹೋಗ್ಲಿ ಬಿಡಿ, ನಾನೂ ತಡೆಯಲ್ಲ."

ಎದ್ದೇಳಕ್ಕ ಹಜಾರಕ್ಕೆ ಹೋದಳು. ಹಿರಿಯರು ಬೆನ್ನು ನೆಟ್ಟಗೆ ಮಾಡಿ, ಕಿಟಕಿಯಾಚೆ ಕಣ್ಣು ನೆಟ್ಟು ಕೂತಿದ್ದರು. ಕುರ್ಚಿ ಹೇಳಿ ಮಾಡಿಸಿದಂತಿತ್ತು, ಒಂದು ಸುಕ್ಕಿಲ್ಲ. ಹಾಗಿದ್ದರೆ ತಪ್ಪಿದ್ದೆಲ್ಲಿ? ಇಷ್ಟು ವರ್ಷದಲ್ಲಿ ಅವಳು ಕಟ್ಟಿದ ಕುರ್ಚಿಯ ಮೇಲಿಂದ ಯಾರೂ ಮನೆ ಬಿಟ್ಟು ಎದ್ದು ಹೋಗಿರಲಿಲ್ಲ.

"ಯಜಮಾನ್ರೇ, ಕುರ್ಚಿ ಸರಿ ಇಲ್ವಾ?"

ಅವರ ಕಣ್ಣು ರಸ್ತೆಯಿಂದ ಕದಲಲಿಲ್ಲ. ಅಕ್ಕ ಸುತ್ತಿ ಬಂದು ಅವರ ಎದುರು, ಕಿಟಕಿಗೆ ಅಡ್ಡಲಾಗಿ ನಿಂತು ಮತ್ತೆ ಕೇಳಿದಳು. ಅವರು ಬೆಚ್ಚಿ ಎದ್ದು ನಿಂತರು. ನಿಂತ ಮೇಲೆ ಮಾತು ಬಂತು.

"ಕುರ್ಚಿ ಚಿನ್ನದಂಗಿದೆ ತಾಯಿ. ಕೂರೋಕೇನೋ ಜಾಗ ಆಯ್ತು. ಆದ್ರೆ ಯಾರೂ ಹತ್ರಾನೇ ಬರಲ್ಲ. ಇಬ್ರೂ ನನ್ನ ಹಿಂದೇನೇ ಓಡಾಡ್ಕೊಂಡಿರ್ತಾರೆ."

"ನಾವು ಮಾತಾಡಿಸಿದ್ರೆ ನೀವು ಮಾತಾಡ್ತೀರಾ ಅಪ್ಪ?" ಮಗಳಿಗೆ ತಡೆಯಲಾಗಲಿಲ್ಲ. "ಎಷ್ಟು ಸಲ ಕೂಗಿದ್ರೂ ಉತ್ತರ ಇಲ್ಲ!"

"ಸೀಟಲ್ಲಿ ಕೂತ ಮೇಲೆ ಮಾತೇನು ಮಗಳೇ? ತಲೆ ಹಿಂದೇನೇ ಬೋರ್ಡಿರ್ತಿತ್ತಲ್ಲ, 'ಚಾಲಕರೊಂದಿಗೆ ಮಾತನಾಡಬೇಡಿ' ಅಂತ. ಮೂವತ್ತೊಂದು ವರ್ಷ..." ಎಂದವರು ಅಲ್ಲಿಗೇ ನಿಲ್ಲಿಸಿದರು. ತಮ್ಮ ಬಾಯಿಂದ ಬಂದದ್ದನ್ನು ಕೇಳಿ ಅವರಿಗೇ ಆಶ್ಚರ್ಯವಾದಂತಿತ್ತು. ಕುರ್ಚಿಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. "ಹೌದಲ್ವೇ! ಇಲ್ಲಿ ಕೂತ ತಕ್ಷಣ ಬಾಯಿ ತಾನಾಗೇ ಮುಚ್ಕೊಂಡ್ಬಿಡುತ್ತೆ ಕಣೇ."

ಎದ್ದೇಳಕ್ಕನ ಕೈ ತನ್ನ ತಲೆಯ ಹಿಂಭಾಗಕ್ಕೆ ಹೋಯಿತು. ಟಣ್ ಎಂದ ಆ ತಗಡಿನ ಹಲಗೆ! ಎತ್ತರ ಅಳೆದಳು, ಬೆನ್ನು ಅಳೆದಳು, ಆ ಹಲಗೆಯ ಮೇಲಿದ್ದ ಒಂದೇ ಒಂದು ಸಾಲಿಗೆ ಬೆನ್ನು ಹಾಕಿ ಕೂತು ಬಂದಳು. ಸದ್ದಿಲ್ಲದೆ ಎದ್ದರೆ ಕುರ್ಚಿ ಸರಿ ಎಂದುಕೊಂಡವಳಿಗೆ ಎಂಟು ದಿನ ಸದ್ದೇ ಇಲ್ಲದ ಮನೆ ಸಿಕ್ಕಿತ್ತು.

"ಬೋರ್ಡು ನನ್ನ ತಲೆಗೇ ಬಡಿದು ಹೇಳ್ತು. ನಾನು ತಿರುಗಿ ಓದ್ಲಿಲ್ಲ," ಎಂದಳು. "ತಪ್ಪು ನಿಮ್ಮದೂ ಅಲ್ಲ, ಇವರದ್ದೂ ಅಲ್ಲ. ನಂದು."

ತನ್ನ ತಪ್ಪೆಂದು ಗಿರಾಕಿಯ ಮನೆಯಲ್ಲಿ ನಿಂತು ಹೀಗೆ ಒಪ್ಪಿಕೊಳ್ಳುವ ಕಸುಬುದಾರರನ್ನು ಎಷ್ಟು ಜನ ನೋಡಿದ್ದೀರಿ? ಮರ ಸರಿಯಿಲ್ಲ, ಬಟ್ಟೆ ಸರಿಯಿಲ್ಲ, ನೀವು ಕೂರುವುದೇ ಸರಿಯಿಲ್ಲ ಎಂದು ನೂರು ನೆಪ ಹೇಳುವವರೇ ಎಲ್ಲ. ಅವಳು ದೊಡ್ಡವಳಾದದ್ದು ಅಲ್ಲಿ. ತಪ್ಪೊಪ್ಪಿಕೊಂಡು ಸುಮ್ಮನಾಗಲೂ ಇಲ್ಲ, ಮುಂದಿನ ಪ್ರಶ್ನೆ ಕೇಳಿದಳು.

"ಹಾಗಾದ್ರೆ ಬಸ್ಸಲ್ಲಿ ಮಾತೇ ಆಡ್ತಿರ್ಲಿಲ್ವಾ ನೀವು? ಮೂವತ್ತೊಂದು ವರ್ಷ?"

"ಆಡ್ತಿದ್ದೆನಲ್ಲ, ಲಾಸ್ಟ್ ಸ್ಟಾಪಲ್ಲಿ!" ಹಿರಿಯರ ಮುಖ ಅರಳಿತು. "ಇಂಜಿನ್ ಆಫ್ ಮಾಡಿ, ಸೀಟಲ್ಲೇ ಒಳಗಡೆ ತಿರುಗಿ ಕೂತು, ಪಕ್ಕದಲ್ಲಿ ಇಂಜಿನ್ ಮುಚ್ಚಳದ ಮೇಲೆ ಒಂದು ಮೆತ್ತೆ ಇರ್ತಿತ್ತು, ಅದರ ಮೇಲೆ ಕಾಲು ಹಾಕ್ತಿದ್ದೆ. ಅದೇ ಮೆತ್ತೆ ಮೇಲೆ ಕಂಡಕ್ಟರೂ ಬಂದು ಕೂರ್ತಿದ್ದ. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದ ಮಾತು ನೋಡಮ್ಮ ನಮ್ಮದು!"

ಎದ್ದೇಳಕ್ಕ ನಿಂತ ಕಾಲಲ್ಲೇ ಕುರ್ಚಿಯನ್ನು ವಾಪಸ್ಸು ಹೊರಿಸಿದಳು. ಹೋಗುವಾಗ ಆ ಚೀಲದ ಕಡೆ ಬೆರಳು ತೋರಿಸಿ, "ನಾಲ್ಕು ದಿನ ಇದಕ್ಕೆ ಐದನೇ ಅಂಗಿ ಹಾಕ್ಬೇಡಿ" ಎಂದಳು.

ಅವಳ ಅಂಗಡಿಯ ಸಾಲಿನ ಕ್ಷೌರದವನು ಹಳೆಯ ಕುರ್ಚಿಗಳನ್ನು ತೆಗೆಯುತ್ತಿದ್ದ. ಅವುಗಳಲ್ಲಿ ಒಂದರ ತಿರುಗುವ ಬುಡವನ್ನು ಕಾಡಿ ಬೇಡಿ ಇಸಿದುಕೊಂಡಳು. ಕೈಕುರ್ಚಿಯ ಕಾಲು ಕತ್ತರಿಸಿ, ಎತ್ತರ ಒಂದು ಬೆರಳೂ ಬದಲಾಗದಂತೆ ಆ ಬುಡದ ಮೇಲೆ ಕೂರಿಸಿದಳು. ಏಳುವಾಗ ಕುರ್ಚಿ ತಿರುಗಿ ಬೀಳಿಸಬಾರದೆಂದು ಕೈಯ ಕೆಳಗೆ ಒಂದು ಚಿಲಕ ಇಟ್ಟಳು. ಅದೇ ಕಪ್ಪು ರೆಕ್ಸಿನ್ನಿನಲ್ಲಿ ಎದುರಿಗೆ ಇಡಲು ಒಂದು ಉದ್ದನೆಯ ಮೆತ್ತೆಪೀಠ ಕಟ್ಟಿದಳು. ಎರಡು ಕಾಲಿಗೆ ಅಷ್ಟುದ್ದ ಬೇಕಿರಲಿಲ್ಲ.

ನಾಲ್ಕನೇ ದಿನ ಹಿರಿಯರು ಕಿಟಕಿಗೆ ಎದುರಾಗಿ ಕೂತರು. ಎಂದಿನಂತೆ ಬೆನ್ನು ನೆಟ್ಟಗಾಯಿತು, ಬಾಯಿ ಮುಚ್ಚಿತು. "ಇಂಜಿನ್ ಆಫ್ ಮಾಡಿ ಯಜಮಾನ್ರೇ," ಎಂದಳು ಎದ್ದೇಳಕ್ಕ. ಅವರು ಚಿಲಕ ತೆಗೆದು ಮೆಲ್ಲಗೆ ಒಳಗಡೆ ತಿರುಗಿದರು. ಕಿಟಕಿ ಹಿಂದಾಯಿತು, ಹಜಾರ ಎದುರಾಯಿತು. ಊದಿದ ಕಾಲುಗಳನ್ನು ಒಂದೊಂದಾಗಿ ಎತ್ತಿ ಮೆತ್ತೆಪೀಠದ ಮೇಲೆ ಇಟ್ಟುಕೊಂಡರು. ಡಾಕ್ಟರು ಹೇಳಿದ್ದೂ ಅದೇ ತಾನೇ.

ಮಗಳು ಟೀ ಲೋಟ ಹಿಡಿದುಕೊಂಡು ದೂರದಲ್ಲೇ ನಿಂತಿದ್ದಳು.

"ಅಲ್ಯಾಕೆ ನಿಂತಿದ್ದೀಯ? ಬಾ, ಕೂತ್ಕೋ. ಕಂಡಕ್ಟರ್ ಜಾಗ ಇದು, ಖಾಲಿ ಬಿಡಬಾರದು."

ಅವಳು ಬಂದು ಅವರ ಪಾದಗಳ ಪಕ್ಕದಲ್ಲಿ ಕೂತಳು. ಟೀ ಲೋಟವನ್ನು ಅವರ ಕೈಗೆ ಕೊಟ್ಟಳು. ಆಮೇಲೆ ಕೇಳಿಯೇಬಿಟ್ಟಳು. "ಚಿಕ್ಕಪ್ಪನ ಮನೆಗೆ ಯಾವತ್ತು ಹೊರಡೋದು ಅಪ್ಪ?"

"ಲಾಸ್ಟ್ ಸ್ಟಾಪು ಇದೇ ಅಲ್ವೇನೇ?" ಎಂದರು ಅಪ್ಪ. "ಇಲ್ಲಿಂದ ಮುಂದಕ್ಕೆ ಬಸ್ಸಿಲ್ಲ."

ಮಗಳು ಅಳುತ್ತಲೇ ನಕ್ಕಳು. ಎದ್ದೇಳಕ್ಕನಿಗೂ ಕಣ್ಣು ತುಂಬಿಬಂತು, ಅದನ್ನು ಮರೆಮಾಚಲು ಸುತ್ತಿಗೆ, ದಬ್ಬಳಗಳನ್ನು ಚೀಲಕ್ಕೆ ತುಂಬಿದಳು. ಬಾಗಿಲವರೆಗೆ ಹೋದವಳಿಗೆ ಪರೀಕ್ಷೆ ಬಾಕಿಯಿರುವುದು ನೆನಪಾಯಿತು.

"ಎಲ್ಲಿ ಯಜಮಾನ್ರೇ, ಒಂದ್ಸಲ ಎದ್ದೇಳಿ ನೋಡೋಣ."

"ಏಳಲ್ಲ ಹೋಗಮ್ಮ. ಈಗ ತಾನೇ ಕೂತಿದ್ದೀನಿ," ಎಂದು ಹೇಳಿ ಅವರು ಮಗಳ ಕಡೆ ತಿರುಗಿ, ಒಮ್ಮೆ ಘಾಟಿಯಲ್ಲಿ ಬ್ರೇಕು ಹೋದ ಕತೆ ಶುರುಮಾಡಿದರು.

ಎದ್ದೇಳಕ್ಕ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ಗಿರಾಕಿ ಎದ್ದದ್ದನ್ನು ನೋಡದೆ ಅವಳು ಕೆಲಸ ಮುಗಿಸಿ ಬಂದದ್ದು ಅದೊಂದೇ ಮನೆಯಿಂದ.